ದಡದ ಶಬ್ದ, ದೋಣಿಯ ಶಬ್ದ

ಪಾರಿಭಾಷಿಕ ಶಬ್ದಗಳ ಭಾಷಾಂತರವೆಂದರೆ ನಿಘಂಟನ್ನು ಮುಂದಿಟ್ಟುಕೊಂಡು ಮಾಡುವ ಯಾಂತ್ರಿಕ ಕಾರ್ಯವೆಂದು ತಿಳಿದವರು ಅನೇಕರಿದ್ದಾರೆ. ಎರಡು ಭಾಷೆಗಳ ನಡುವೆ ದಿನವೂ ಬಾಳುವ ಗಡಿನಾಡಿನ ಉಪಾಧ್ಯಾಯರಿಗೆ ಈ ಭ್ರಮೆ ಅಷ್ಟಾಗಿ ಇರಲಾರದು. ಆದರೂ ಕಠಿನವಾದ ಒಂದು ಉದಾಹರಣೆಯನ್ನು ಪರೀಕ್ಷಿಸಿ ನೋಡುವುದು ಲೇಸು. ಹಡಗುಗಳಿಂದ ಸೈನ್ಯವನ್ನು ಶತ್ರುವಿನ ಕಡಲತೀರಕ್ಕೆ ಇಳಿಸುವ ಯುದ್ಧಕ್ರಮವೊಂದುಂಟಷ್ಟೆ. ಅದರ ಆಂಗ್ಲ ಪರಿಭಾಷೆಯು ಫ್ರೆಂಚಿಗೆ ಹೇಗೆ ಬಂದಿದೆಯೆಂಬುದೇ ಇಲ್ಲಿಯ ವಿಷಯ. 1949ರಲ್ಲಿ ಸ್ಥಾಪಿತವಾದ ನೇಟೊ ಕೂಟಕ್ಕೆ ಇವೆರಡೂ ಅಧಿಕೃತ ಭಾಷೆಗಳು. ಅದರ ಪರಿಭಾಷಾಕೋಶವೂ ಎರಡರಲ್ಲಿಯೂ ಹೊರಡುತ್ತದೆ. ಕಾದಂಬರಿಯಲ್ಲಿ ಶಬ್ದ ತಪ್ಪಿದರೆ ರಸಭಂಗ. ಇಲ್ಲಿ ತಪ್ಪಿದರೆ ದೋಣಿಯಲ್ಲಿ ಕುಳಿತವನ ಪ್ರಾಣಕ್ಕೆ ಸಂಚಕಾರ.

ಮೂಲಶಬ್ದವನ್ನೇ ನೋಡೋಣ. ಆಂಗ್ಲರ 'ಲ್ಯಾಂಡಿಂಗ್' ಎಂಬುದರಲ್ಲಿರುವುದು ನೆಲ. ಫ್ರೆಂಚರ 'ದೆಬಾರ್ಕಮಾಂ' ಎಂಬುದರಲ್ಲಿರುವುದು 'ಬಾರ್ಕ್', ಎಂದರೆ ದೋಣಿ. ದೋಣಿಯನ್ನು ಬಿಟ್ಟಿಳಿಯುವುದೆಂದು ಅದರ ಅವಯವಾರ್ಥ. ಒಂದು ಭಾಷೆ ಸೇರುವ ದಡವನ್ನು ಹೆಸರಿಸಿದರೆ ಇನ್ನೊಂದು ಬಿಡುವ ದೋಣಿಯನ್ನು ಹೆಸರಿಸಿತು. ನೆಲವನ್ನು ಹಿಡಿದ ಶಬ್ದ ಫ್ರೆಂಚಿನಲ್ಲಿ ಇಲ್ಲದೆ ಇಲ್ಲ. 'ಅತೆರೀರ್' ಎಂಬ ಕ್ರಿಯಾಪದದಲ್ಲಿ 'ತೆರ್', ಅಂದರೆ ಭೂಮಿ, ಅಡಗಿದೆ. ಮೊದಲು ನಾವಿಕರದಾಗಿದ್ದ ಅದನ್ನು ಈಗ ವಿಮಾನಗಳು ಕಸಿದುಕೊಂಡಿವೆ. ಆದಕಾರಣ 'ಲ್ಯಾಂಡಿಂಗ್' ಎಂದು ಕಂಡಲ್ಲೆಲ್ಲ ನೆಲವನ್ನೇ ಹುಡುಕುವ ಭಾಷಾಂತರಕಾರನು ಹಡಗಿನ ಸೈನಿಕರನ್ನು ಆಕಾಶದಿಂದ ಇಳಿಸಿಯಾನು! ನಮ್ಮ 'ಇಳಿ' ಧಾತುವು ದೋಣಿಗೂ ವಿಮಾನಕ್ಕೂ ಬಸ್ಸಿಗೂ ಸಾಲುತ್ತದೆ. ಈ ಔದಾರ್ಯ ಕಾವ್ಯಕ್ಕೆ ಗುಣ, ಸೇನಾಜ್ಞೆಗೆ ಅಲ್ಲ. 1944ರ ಜೂನ್ 6ರಂದು ನಾರ್ಮಂಡಿಯಲ್ಲಿ ನಡೆದುದನ್ನು ಸೂಚಿಸಲು ಫ್ರೆಂಚರಿಗೆ ಮೊದಲಕ್ಷರವನ್ನು ದೊಡ್ಡದಾಗಿ ಬರೆದ 'ದೆಬಾರ್ಕಮಾಂ' ಒಂದೇ ಸಾಕು, ಬೇರೆ ವಿಶೇಷಣ ಬೇಡ.

ಆ ದಿನದ ಹೆಸರಿನ ಅನುವಾದವೇ ನನ್ನ ಮಟ್ಟಿಗೆ ಇವುಗಳಲ್ಲೆಲ್ಲ ಶ್ರೇಷ್ಠ. 'ಡಿ ಡೇ'ಯ ಡಿ ಅಕ್ಷರಕ್ಕೆ ಏನೇನೋ ಗೂಢಾರ್ಥಗಳನ್ನು ಹಚ್ಚುವವರಿದ್ದಾರೆ. ಅದು 'ಡೇ' ಎಂಬುದರ ಮೊದಲಕ್ಷರವಷ್ಟೆ. 1918ರ ಸೆಪ್ಟೆಂಬರಿನ ಅಮೆರಿಕನ್ ಸೇನಾಜ್ಞೆಯೊಂದರಲ್ಲಿಯೇ ಈ ಪದ್ಧತಿ ಕಾಣುತ್ತದೆ. ಫ್ರೆಂಚಿನಲ್ಲಿ ದಿನಕ್ಕೆ 'ಜೂರ್'. ಆದುದರಿಂದ 'ಜೂರ್ ಜಿ'. ಅಕ್ಷರ ಬದಲಾಯಿತು, ಯುಕ್ತಿ ಉಳಿಯಿತು. ಡಿ ಅಕ್ಷರವನ್ನು ಹಾಗೆಯೇ ಇಟ್ಟಿದ್ದರೆ ಅದು ಮೂಲನಿಷ್ಠೆಯಾಗುತ್ತಿರಲಿಲ್ಲ. ಅರ್ಥವಿಲ್ಲದ ಒಂದು ಗುರುತಾಗಿ ಉಳಿಯುತ್ತಿತ್ತು.

ಇನ್ನು ಶಬ್ದವೊಂದರ ಪ್ರವಾಸ. 'ತೆತ್ ದ ಪೋಂ', ಅಂದರೆ ಸೇತುವೆಯ ತಲೆ, ಎಂಬುದು ನದಿಯ ಆಚೆದಡದಲ್ಲಿ ಹಿಡಿದು ಭದ್ರಪಡಿಸಿದ ನೆಲೆಗೆ ಫ್ರೆಂಚರ ಹಳೆಯ ಹೆಸರು. ಆಂಗ್ಲರು ಅದನ್ನು ಅನುವಾದಿಸಿ 'ಬ್ರಿಜ್‌ಹೆಡ್' ಮಾಡಿಕೊಂಡರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅದೇ ಅಚ್ಚಿನಲ್ಲಿ 'ಬೀಚ್‌ಹೆಡ್' ಎರೆದರು. ಮಗಳು ಮೊಮ್ಮಗುವನ್ನೆತ್ತಿಕೊಂಡು ತವರಿಗೆ ಬಂದಂತೆ ಇದು 'ತೆತ್ ದ ಪ್ಲಾಜ್' ಆಗಿ ಫ್ರೆಂಚಿಗೆ ಮರಳಿತು. ಆದರೂ ಕಡಲತೀರದ ನೆಲೆಗೆ ಹಳೆಯ ಸೇತುವೆಯ ಶಬ್ದವನ್ನೇ ಬಳಸುವ ಫ್ರೆಂಚ್ ಬರೆಹಗಾರರು ಇದ್ದಾರೆ. ಮರಳಿನಲ್ಲಿ ಸೇತುವೆ ಎಲ್ಲಿಯದೆಂದು ಅವರನ್ನು ಯಾರೂ ಕೇಳುವುದಿಲ್ಲ.

ನಿಜವಾದ ಕಂಟಕವಿರುವುದು ಮುಂದಿನ ಶಬ್ದದಲ್ಲಿ. ದೋಣಿಯು ಬೇಕೆಂದೇ ಮೂತಿಯನ್ನು ಮರಳಿಗೆ ಒತ್ತಿ ನಿಲ್ಲುವುದಕ್ಕೆ ಆಂಗ್ಲರು 'ಬೀಚಿಂಗ್' ಎನ್ನುತ್ತಾರೆ. ಇದಕ್ಕೆ ಫ್ರೆಂಚಿನ ಸಿದ್ಧ ಕ್ರಿಯಾಪದ 'ಎಶುಎ'. ಆದರೆ ನಿತ್ಯದ ಮಾತಿನಲ್ಲಿ ಅದಕ್ಕೆ ವಿಫಲವಾಗು ಎಂದರ್ಥ; ಪರೀಕ್ಷೆಯಲ್ಲಿ ನಪಾಸಾದ ವಿದ್ಯಾರ್ಥಿಗೂ ಅದೇ! ನಾವಿಕರು ಉದ್ದೇಶಪೂರ್ವಕವಾದುದು 'ಎಶುಆಜ್', ಆಕಸ್ಮಿಕವಾದುದು 'ಎಶುಮಾಂ' ಎಂದು ಪ್ರತ್ಯಯದಿಂದ ಭೇದ ಮಾಡಿದರು. ಶಾಸ್ತ್ರಕ್ಕೆ ಸರಿ, ಗುಂಡಿನ ಸುರಿಮಳೆಯಲ್ಲಿ ಪ್ರತ್ಯಯವನ್ನು ಆಲಿಸುವವರಾರು? ಫ್ರೆಂಚ್ ನೌಕಾದಳದಲ್ಲಿ ತೀರವಾಚಕವಾದ 'ಪ್ಲಾಜ್' ಎಂಬುದರಿಂದಲೇ ಕಟ್ಟಿದ 'ಪ್ಲಾಜಾಜ್' ಎಂಬ ಶಬ್ದ ಬಳಕೆಗೆ ಬಂದಿದೆ. ಪಂಡಿತರ ಕಿವಿಗೆ ಅದು ಒರಟು, ಆದರೆ ಸಂದೇಹಕ್ಕೆ ಎಡೆಗೊಡದು. ನನ್ನ ಮತ ಅದಕ್ಕೇ.

ನೌಕೆಗಳ ಹೆಸರುಗಳಲ್ಲಿ ಅಷ್ಟು ತೊಡಕಿಲ್ಲ. ಸಣ್ಣ 'ಕ್ರಾಫ್ಟ್'ಗೆ 'ಆಂಜೇಂ', ದೊಡ್ಡ 'ಷಿಪ್'ಗೆ 'ಬಾತಿಮಾಂ'. ಎರಡನೆಯದಕ್ಕೆ ಕಟ್ಟಡವೆಂಬ ಅರ್ಥವೂ ಇರುವುದು ಹೊಸಬನಿಗೆ ತಮಾಷೆಯಾಗಿ ಕಾಣಬಹುದು. ಜನರಂತೂ ಕಾಲುವೆಯ ಸರಕುದೋಣಿಯಾದ 'ಪೆನಿಶ್' ಎಂಬ ಹೆಸರನ್ನೇ ಇಳಿದಾಣದ ದೋಣಿಗೂ ಹಚ್ಚಿದರು.

ಶಬ್ದ ಒಂದೇ ಆಗಿ ಸಂಸ್ಥೆ ಬೇರೆಯಾದಾಗ ಏನು ಮಾಡತಕ್ಕದ್ದು? ಅಮೆರಿಕದ 'ಮರೀನ್ಸ್' ನೌಕಾ ಇಲಾಖೆಯೊಳಗಿನ ಪ್ರತ್ಯೇಕ ಸೇನೆ. ಫ್ರಾನ್ಸಿನ 'ತ್ರೂಪ್ ದ ಮರೀನ್' ಎಂಬ ದಳಗಳ ಹೆಸರಿನಲ್ಲಿ ಕಡಲಿದ್ದರೂ ಅವು ಭೂಸೇನೆಯ ಅಂಗ. ನೌಕಾ ಇಲಾಖೆಯಿಂದ ಅವು 1900ರಲ್ಲಿಯೇ ಹೊರಬಂದಿದ್ದವು. ನೌಕಾದಳದ ಕಾಲಾಳುಗಳು 'ಫ್ಯುಸಿಲಿಯೇ ಮರೇಂ' ಎಂಬವರು. 1944ರ ಆ ದಿನ ಕೀಫರ್ ಅವರ ನಾಯಕತ್ವದಲ್ಲಿ ಸ್ವೋರ್ಡ್ ತೀರಕ್ಕಿಳಿದ 177 ಮಂದಿ ಫ್ರೆಂಚರು ಈ ಪಂಗಡದವರು. ಶಬ್ದಸಾದೃಶ್ಯವನ್ನು ನೆಚ್ಚಿದ ಅನುವಾದಕನು ಇಡಿಯ ಒಂದು ಸೇನೆಯನ್ನು ಬೇರೊಂದು ಇಲಾಖೆಯ ಕೈಗೊಪ್ಪಿಸಿಬಿಡುತ್ತಾನೆ. ಅದಕ್ಕಿಂತ ಅಮೆರಿಕದವರನ್ನು ಅವರ ಹೆಸರಿನಿಂದಲೇ ಕರೆಯುವುದು ವಿವೇಕ, ಫ್ರೆಂಚರು ಮಾಡುವುದೂ ಅದನ್ನೇ. ತಮ್ಮದೇ ನೆಲದ ಐದು ತೀರಗಳಿಗೆ ಮಿತ್ರಸೇನೆಗಳು ಇಟ್ಟ ಯೂಟಾ, ಒಮಾಹಾ, ಗೋಲ್ಡ್, ಜೂನೋ, ಸ್ವೋರ್ಡ್ ಎಂಬ ಗುಪ್ತನಾಮಗಳನ್ನೂ ಅವರು ಅನುವಾದಿಸಲು ಹೋಗಲಿಲ್ಲ.