ಟೆನರ್ ಸ್ಯಾಕ್ಸೋಫೋನಿನ ಸಂಯಮ
ಅಡಾಲ್ಫ್ ಸ್ಯಾಕ್ಸನು 1846ರಲ್ಲಿ ಪೇಟೆಂಟು ಪಡೆದ ಹಿತ್ತಾಳೆಯ ವಾದ್ಯವು ಎಷ್ಟು ಮೆಲ್ಲನೆ ನುಡಿಯಬಲ್ಲುದೆಂಬುದನ್ನು ಅರಿಯಬೇಕಾದರೆ, ಆಂಟೋನ್ ವೆಬರ್ನನು 1930ರಲ್ಲಿ ಮುಗಿಸಿದ, ಪಿಟೀಲು, ಕ್ಲಾರಿನೆಟ್, ಟೆನರ್ ಸ್ಯಾಕ್ಸೋಫೋನ್, ಪಿಯಾನೊಗಳ ಚತುರ್ವಾದ್ಯ ಕೃತಿಯನ್ನು ಕೇಳಬೇಕು. ಇಲ್ಲಿ ವಾದಕನಿಗೆ ದೀರ್ಘವಿಸ್ತಾರದ ಅವಕಾಶವೇ ಇಲ್ಲ. ಒಂದೆರಡು ಸ್ವರ, ಮೌನ, ಮತ್ತೊಂದು ಸ್ವರ. ಕೆಳಗಿಳಿದಂತೆ ಅಗಲವಾಗುವ ಶಂಕುವಿನಾಕಾರದ ಕೊಳವೆಯಲ್ಲಿ ಮಂದ್ರಸ್ವರವು ಒರಟಾಗಿ ಸಿಡಿಯುವುದೇ ಸಹಜವಾಗಿರಲು, ಜೊಂಡಿನ ರೀಡನ್ನು ಕೆಳತುಟಿಗೆ ಮೃದುವಾಗಿ ಆನಿಸಿ, ನಾಲಗೆಯ ತುದಿಯನ್ನು ತಾಗಿತೋ ಇಲ್ಲವೋ ಎಂಬಂತೆ ತೆಗೆದು, ಉಸಿರಿನ ಆಧಾರವನ್ನು ಸಡಿಲಿಸದೆ ನಾದವನ್ನು ಮಾತ್ರ ಕಿರಿದಾಗಿಸಿ, ಪಿಟೀಲಿನ ಪಕ್ಕದಲ್ಲಿ ಅದರಷ್ಟೇ ನಯವಾಗಿ ನಿಲ್ಲುವ ಆ ಸಂಯಮವು ನಿಜಕ್ಕೂ ಅಸಾಧಾರಣವಾದ ಸಿದ್ಧಿ. ಕದ್ರಿ ಗೋಪಾಲನಾಥರ ಗಮಕಗಳಿಂದ ಈ ವಾದ್ಯಕ್ಕೆ ಒಲಿದ ನಮ್ಮ ರಸಿಕರು, ಕೆಲವೇ ನಿಮಿಷಗಳ ಈ ಕೃತಿಯನ್ನೂ ಒಮ್ಮೆ ಕಿವಿಗೊಟ್ಟು ಆಲಿಸಬೇಕೆಂದು ನನ್ನ ಬಿನ್ನಹ.