ಲದ್ದಿಯ ಕಾವು, ಗಾಜಿನ ಗಂಟೆ

ಫೆಬ್ರವರಿಯ ಪ್ಯಾರಿಸ್‌ನಲ್ಲಿ ಮಣ್ಣು ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ಅಂಥ ತಿಂಗಳಲ್ಲೇ 19ನೇ ಶತಮಾನದ ಅಲ್ಲಿನ ತರಕಾರಿ ತೋಟಗಾರರು ಕರಬೂಜದ ಬೀಜ ಬಿತ್ತುತ್ತಿದ್ದರು. ಅವರ ಬಲವೆಲ್ಲ ಕುದುರೆ ಲದ್ದಿ. ನಗರದ ಲಾಯಗಳಿಂದ ಹುಲ್ಲುಸಮೇತ ಬಂದ ಹಸಿ ಲದ್ದಿಗೆ ಹಳೆಯದನ್ನು ಬೆರೆಸಿ, ತುಳಿದು, ಮೊಣಕಾಲೆತ್ತರ ಮಡಿ ಕಟ್ಟಿ, ಮೇಲೆ ಕಳಿತ ಗೊಬ್ಬರದ ಮಣ್ಣು ಹರಡಿ, ಗಾಜಿನ ಚೌಕಟ್ಟು ಮುಚ್ಚುವುದು. ಸೂಕ್ಷ್ಮಜೀವಿಗಳು ಕೆಲಸಕ್ಕಿಳಿದರೆ ಇಂಥ ರಾಶಿಯೊಳಗಿನ ಶಾಖ 60 ಡಿಗ್ರಿ ಮುಟ್ಟಬಲ್ಲದು. ಆಗ ಬಿತ್ತಿದರೆ ಬೀಜ ಬೆಂದೇ ಹೋದೀತು. ಕಾವು ಇಳಿಯುವವರೆಗೆ ಕಾಯಬೇಕು.

ಸಸಿ ಎದ್ದ ಮೇಲೆ ನಿಜವಾದ ಚಾಕರಿ. ರಾತ್ರಿ ಚಳಿಗೆ ಹುಲ್ಲಿನ ಚಾಪೆ ಹೊದಿಸಬೇಕು, ಬೆಳಿಗ್ಗೆ ಸುತ್ತಿ ತೆಗೆಯಬೇಕು. ತೆಗೆಯದಿದ್ದರೆ ಬೆಳಕಿಲ್ಲದೆ ಸಸಿ ಬಿಳುಚಿ ನೀಳವಾಗುತ್ತದೆ. ಲೆಟಿಸ್ ಗಿಡಗಳ ಮೇಲೆ ಗಂಟೆಯಾಕಾರದ ಗಾಜು. ಬಿಸಿಲೇರಿದರೆ ಒಳಗೆ ಗಿಡ ಬಾಡುತ್ತದೆ. ಹಾಗಾಗಿ ಕಚ್ಚು ಕೊರೆದ ಪುಟ್ಟ ಮರದ ಗೂಟಕ್ಕೆ ಗಾಜಿನ ಅಂಚು ಆನಿಸಿ ಗಾಳಿ ಬಿಡುತ್ತಿದ್ದರು: ಚಳಿಯಿದ್ದರೆ ಕೆಳಗಿನ ಕಚ್ಚು, ಬಿಸಿಲಿದ್ದರೆ ಮೇಲಿನದು. ಇಡೀ ಏರ್ಪಾಡಿನಲ್ಲಿ ನನಗೆ ತುಂಬ ಹಿಡಿಸಿದ್ದು ಈ ಗೂಟವೇ. ಥರ್ಮೋಸ್ಟಾಟ್ ಮಾಡುವ ಕೆಲಸವನ್ನೇ ಅದು ಮಾಡುತ್ತಿತ್ತು. ಪಕ್ಕದಲ್ಲಿ ಆಕಾಶ ನೋಡಬಲ್ಲ ಮನುಷ್ಯನೊಬ್ಬ ಇರಬೇಕಿತ್ತು, ಅಷ್ಟೆ.

ತಣಿದ ಲದ್ದಿಯೂ ದಂಡವಾಗುತ್ತಿರಲಿಲ್ಲ, ಕಳಿತು ಮುಂದಿನ ಮಡಿಗಳ ಮಣ್ಣಾಗುತ್ತಿತ್ತು. ಮೊರೋ ಮತ್ತು ದಾವೆರ್ನ್ ಎಂಬ ಇಬ್ಬರು ತೋಟಗಾರರು ಈ ವಿದ್ಯೆಯನ್ನು 1845ರ ಕೈಪಿಡಿಯೊಂದರಲ್ಲಿ ಬರೆದಿಟ್ಟರು. ಮುಂದೆ ಮೋಟಾರು ಗಾಡಿ ಬಂತು, ಲಾಯಗಳು ಖಾಲಿಯಾದವು, ಬಿಸಿಮಡಿಗಳಿಗೆ ಲದ್ದಿಯೇ ಸಿಗದಾಯಿತು.