ಹುಲ್ಲಿಲ್ಲದ ನೆಲದ ಆಟ

ಗೋಲಿ ಆಡಿದ ಕೈಗೆ ನೆಲ ಗೊತ್ತು. ಗುರಿಯಿಡುವ ಮೊದಲು ಅಂಗೈಯಲ್ಲಿ ಒಮ್ಮೆ ಮಣ್ಣು ಸವರಬೇಕು, ಅಡ್ಡಬಂದ ಹರಳನ್ನು ಉಫ್ ಎಂದು ಊದಬೇಕು, ಗುಂಡಿಯ ಅಂಚು ಸಡಿಲವಾಗಿದ್ದರೆ ಹೆಬ್ಬೆರಳಿನಿಂದ ಒತ್ತಿ ಗಟ್ಟಿಮಾಡಬೇಕು. ಬೇತಮಂಗಲದಲ್ಲಿ ಬೆಳೆದ ನನಗೆ ಗಾಲ್ಫ್ ಎಂಬ ದೊರೆಗಳ ಆಟ ಅರ್ಥವಾದದ್ದು ಈ ದಾರಿಯಿಂದಲೇ. ನಮ್ಮ ಪಕ್ಕದ ಚಿನ್ನದ ಗಣಿಯ ಊರು ಕೆಜಿಎಫ್. 1885ರಷ್ಟು ಹಳೆಯದಾದ ಅಲ್ಲಿನ ಕೆಜಿಎಫ್ ಕ್ಲಬ್ಬಿನದು ಒಂಬತ್ತು ಕುಳಿಗಳ ಗಾಲ್ಫ್ ಅಂಗಳ. ಕುಳಿಯ ಸುತ್ತ ಹುಲ್ಲಿನ ನುಣುಪು ಹಾಸು ಇರಬೇಕಾದ ಜಾಗದಲ್ಲಿ ಮರಳು. ಬೇರೆ ಊರಿನ ಆಟಗಾರರು ‘ಗ್ರೀನ್’ ಎನ್ನುವುದಕ್ಕೆ ಇಲ್ಲಿ ‘ಬ್ರೌನ್’ ಎಂದೇ ಹೆಸರು.

ಆ ಬ್ರೌನಿನ ಸೊಗಸನ್ನು ನಿಂತು ನೋಡಬೇಕು. ಎತ್ತರದಿಂದ ಬಂದ ಚೆಂಡು ಕೆಂಪು ಜಲ್ಲಿನೆಲಕ್ಕೆ ಬಿದ್ದಾಗ ಟಣ್ ಎನ್ನುತ್ತದೆ. ಹುಲ್ಲಿನ ಮೇಲಾದರೆ ಅದು ಮೆತ್ತಗೆ ಕೂತುಬಿಡುತ್ತಿತ್ತು. ಇಲ್ಲಿ ಪುಟಿಯುತ್ತದೆ, ಓಡುತ್ತದೆ, ಒಂದು ಹರಳಿಗೆ ತಾಗಿ ಪಕ್ಕಕ್ಕೆ ಸರಿಯುತ್ತದೆ. ಬಲ್ಲವನು ಆ ಓಟವನ್ನೂ ಲೆಕ್ಕಕ್ಕೆ ಹಿಡಿದು, ಚೆಂಡನ್ನು ಕುಳಿಯ ಬಹಳ ಹಿಂದೆಯೇ ಇಳಿಸುತ್ತಾನೆ. ಕೊನೆಗೆ ಮರಳಿನ ವೃತ್ತ. ಹೆಜ್ಜೆಗುರುತುಗಳನ್ನು ಎಳೆದು ಅಳಿಸಿ ದಾರಿ ಸಮಮಾಡುವವರೆಗೆ ಎಲ್ಲರೂ ಸುಮ್ಮನೆ ನಿಂತಿರುತ್ತಾರೆ. ಆಮೇಲೆ ಒಂದು ಮೆಲುತಟ್ಟು. ಹುಲ್ಲಿನ ಮೇಲೆ ಉರುಳಿದ ಚೆಂಡಿನ ಗುರುತು ಉಳಿಯುವುದಿಲ್ಲ. ಮರಳಿನ ಮೇಲೆ ಅದು ತಾನು ಹೋದ ದಾರಿಯನ್ನು ರಂಗೋಲಿಯ ಎಳೆಯಂತೆ ಬಿಟ್ಟು ಹೋಗುತ್ತದೆ. ಎಲ್ಲಿ ಬಾಗಿತು, ಎಲ್ಲಿ ಸೋತು ನಿಂತಿತು, ಎಲ್ಲವೂ ಅಲ್ಲಿ ಕಾಣುತ್ತದೆ. ನನಗಂತೂ ಚೆಂಡು ಕುಳಿಗೆ ಬೀಳುವುದಕ್ಕಿಂತ ಆ ಎಳೆಯೇ ಹೆಚ್ಚು ಚೆಂದ. ಮತ್ತೊಬ್ಬರು ಬಂದು ಅಳಿಸುವವರೆಗೆ ಮಾತ್ರ ಅದರ ಬಾಳು.

ಇಲ್ಲಿ ಹುಲ್ಲು ಏಕಿಲ್ಲ ಎಂಬುದಕ್ಕೆ ಉತ್ತರ ನಮ್ಮೂರ ಕೆರೆಯಲ್ಲಿದೆ ಎಂದು ನನಗೆ ತೋರುತ್ತದೆ. ವಿಜಯಾದಿತ್ಯಮಂಗಲ ಎಂಬುದು ಬೇತಮಂಗಲದ ಹಳೆಯ ಹೆಸರು. ವಿಜಯೇಂದ್ರಸ್ವಾಮಿಯ ಗುಡಿ ಈಗಲೂ ಇದೆ. ಪಾಲಾರು ನದಿಗೆ ಕಟ್ಟಿದ ಇಲ್ಲಿನ ಕೆರೆಯನ್ನು ನೊಳಂಬರ ಕಾಲಕ್ಕಾಗಲೇ ದುರಸ್ತಿ ಮಾಡಬೇಕಾಗಿ ಬಂದಿತ್ತು. ಅಷ್ಟು ಹಳೆಯ ಕೆರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಇಳಿದ ಮೇಲೆ ಸಾವಿರಾರು ಜನ ಬಂದು ನೆಲೆಸಿದರು. 1902ರಲ್ಲಿ ಕರೆಂಟು 147 ಕಿಲೋಮೀಟರ್ ದೂರದ ಶಿವನಸಮುದ್ರದಿಂದ ತಂತಿಯ ಮೇಲೆ ಬಂತು. ಕುಡಿಯುವ ನೀರು ಮಾತ್ರ ಇಲ್ಲಿಂದ, ಬೇತಮಂಗಲದ ಕೆರೆಯಿಂದ ಕೊಳವೆಯಲ್ಲಿ ಹೋಯಿತು. ಮಳೆ ಕೈಕೊಟ್ಟ ವರ್ಷ ಕೆರೆಯ ತಳದಲ್ಲಿ ಬಿರುಕು ಬಿಡುವ ಸೀಮೆ ಇದು. ಇಲ್ಲಿ ಒಂದು ಕೊಡ ನೀರು ಮೊದಲು ಬಾಯಿಗೆ, ಆಮೇಲೆ ಗಣಿಗೆ. ಹುಲ್ಲಿನ ಸರದಿ ಬರುವುದಾದರೂ ಹೇಗೆ? ನೀರಿಲ್ಲದೆಡೆ ಆಟವೇ ನೆಲಕ್ಕೆ ತಕ್ಕಂತೆ ಬದಲಾಯಿತು. ಅದರಿಂದ ಆಟ ಬಡವಾಗಲಿಲ್ಲ, ಅದಕ್ಕೆ ಬೇರೆಯೇ ಒಂದು ರುಚಿ ಬಂತು.

ಈ ರುಚಿ ನಮ್ಮದೊಂದೇ ಅಲ್ಲ. ಅಮೆರಿಕದ ಕಾನ್ಸಾಸ್, ನೆಬ್ರಾಸ್ಕಾ ರಾಜ್ಯಗಳ ಸಣ್ಣ ಊರುಗಳಲ್ಲಿ ಎಣ್ಣೆ ಬೆರೆಸಿದ ಮರಳಿನ ಮೇಲೆ ಗಾಲ್ಫ್ ಆಡುವ ರೂಢಿ ಇದೆ. ನಾರ್ತ್ ಕೆರೊಲಿನಾದ ಪೈನ್‌ಹರ್ಸ್ಟ್ ಎರಡನೇ ಅಂಗಳ ಜಗತ್ಪ್ರಸಿದ್ಧ. 1935ರವರೆಗೆ ಅಲ್ಲೂ ಕುಳಿಯ ಸುತ್ತ ಮರಳೇ ಇತ್ತು. ಆಸ್ಟ್ರೇಲಿಯಾದ ಕೂಬರ್ ಪೀಡಿ ನಮ್ಮಂತೆಯೇ ನೆಲ ಅಗೆದು ಬದುಕಿದ ಊರು. ಅವರು ಅಗೆದದ್ದು ಓಪಲ್ ಹರಳಿಗಾಗಿ. ಅಲ್ಲಿನ ಅಂಗಳದಲ್ಲೂ ಹುಲ್ಲಿಲ್ಲ. ಆಟಗಾರರು ಅಂಗೈಯಗಲದ ಒಂದು ಹುಲ್ಲುಚಾಪೆಯನ್ನು ಜೊತೆಗೆ ಹೊತ್ತು ತಿರುಗುತ್ತಾರೆ. ಅವರನ್ನು ಕೆಜಿಎಫ್‌ಗೆ ಕರೆತಂದು ಬಿಟ್ಟರೆ ಆಟ ಶುರುಮಾಡಲು ಯಾರನ್ನೂ ಏನೂ ಕೇಳಬೇಕಿಲ್ಲ.

ಗಾಲ್ಫ್ ಆಡಿದವರು ಬಂಗಲೆಗಳ ಸಾಹೇಬರು. ಅವರಿಗಿಂತ ನನಗೆ ಹತ್ತಿರವಾದ ಚಿತ್ರ ಗಣಿ ಕಾರ್ಮಿಕರ ಲೈನುಮನೆಗಳದ್ದು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ. ತಳದ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಅಂಥ ಕತ್ತಲ ಕಾವಿನಲ್ಲಿ ಶಿಫ್ಟು ಮುಗಿಸಿ ಮೇಲೆ ಬಂದವನು ಸಂಜೆ ಬಿಸಿಲಿನಲ್ಲಿ ಫುಟ್‌ಬಾಲಿಗೋ ಹಾಕಿಗೋ ಇಳಿಯುತ್ತಿದ್ದ ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ದಣಿದ ದೇಹ ಮಲಗಲು ಹೋಗದೆ ಓಡಲು ಹೋಗುತ್ತಿತ್ತು! ನೆಲದ ಮೇಲೆ ಗಾಳಿ ಇದೆ, ಆಕಾಶ ಇದೆ, ಎಷ್ಟು ದೂರ ಬೇಕಾದರೂ ಓಡಬಹುದು. ಆ ಓಟದ ಸುಖವನ್ನು ಮೇಲೇ ಬದುಕುವ ನಾವು ಪೂರ್ತಿ ಅರಿಯಲಾರೆವು. ಹಿನ್ನೆಲೆಗೆ ಗಣಿಯ ತ್ಯಾಜ್ಯದ ಸೈನೈಡ್ ಗುಡ್ಡ, ಕಾಲಡಿಯಲ್ಲಿ ಗಟ್ಟಿನೆಲ.

ಬರಿಗಾಲಿನ ಆಟವೂ ಇದೇ ನೆಲದ ಕಲಿಕೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಬಹುತೇಕ ಫುಟ್‌ಬಾಲ್ ಆಟಗಾರರು ಬೂಟಿಲ್ಲದೆ ಫ್ರಾನ್ಸ್ ವಿರುದ್ಧ ಇಳಿದರು. 1–2ರಿಂದ ಸೋತ ಆ ಪಂದ್ಯದಲ್ಲಿ ನಮ್ಮ ಒಂದೇ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಮೈಸೂರು ಎಂಬ ಹೆಸರಿನಲ್ಲಿ ನಮ್ಮ ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. 1969ರ ನಂತರ ಐದನೆಯದಕ್ಕೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್‌ನಲ್ಲಿ ದೂರದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಚೆಂಡಿಗೂ ದುಡ್ಡಿಲ್ಲದವರಿಗೆ ಚಿನ್ನಿದಾಂಡು ಇತ್ತು. ಚಿನ್ನದ ಸೀಮೆಯಲ್ಲಿ ಎಲ್ಲರ ಕೈಗೂ ಸಿಕ್ಕ ಚಿನ್ನ ಇದೊಂದೇ. ಮನೆಯಲ್ಲಿ ತೆಲುಗಾಡುವ ಹುಡುಗ ಬಿಲ್ಲಂಗೋಡು ಎನ್ನುತ್ತಿದ್ದ, ಲೈನಿನ ತಮಿಳು ಹುಡುಗ ಕಿಟ್ಟಿಪುಳ್ಳು ಎನ್ನುತ್ತಿದ್ದ. ಗುಂಡಿ ಒಂದೇ, ಜಗಳ ಮೂರು ಭಾಷೆಯಲ್ಲಿ. ಚೂಪು ತುದಿಗೆ ದಾಂಡು ತಾಗಿ ಚಿನ್ನಿ ಮೇಲೆದ್ದು ಗಾಳಿಯಲ್ಲಿ ಅರೆಕ್ಷಣ ನಿಂತಂತೆ ಕಾಣುತ್ತದಲ್ಲ, ಅದಕ್ಕೆ ಸಮನಾದದ್ದನ್ನು ದೊಡ್ಡ ಕ್ರೀಡಾಂಗಣಗಳಲ್ಲೂ ನಾನು ಕಂಡಿಲ್ಲ.

ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಆಮೇಲಿನ ಬರಗಾಲದ ವರ್ಷಗಳಲ್ಲಿ ಬೇತಮಂಗಲದ ಒಣಕೆರೆಯಲ್ಲೇ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಹೂಳು ಒಣಗಿ ಹಪ್ಪಳದಂತಾದ ಕಡೆ ಪಿಚ್ಚು, ಜಾಲಿಯ ಕೋಲುಗಳೇ ಸ್ಟಂಪು. ಸ್ಪಿನ್ನು ಅಲ್ಲಿ ಅದ್ಭುತವಾಗಿ ತಿರುಗುತ್ತಿತ್ತು.

2021ರ ನವೆಂಬರ್‌ನಲ್ಲಿ ಪಾಲಾರು ಬಂತು, ಕೆರೆ ಕೋಡಿ ಹರಿಯಿತು. ಊರಿಗೆ ಊರೇ ಏರಿಯ ಮೇಲೆ ಸೇರಿತ್ತು. ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ ನೀರಿನ ನಡುವಿಗೆ ಕೈ ತೋರಿಸಿ, “ಅಣ್ಣಾ, ನಮ್ ಪಿಚ್ಚು ಅಲ್ಲೇ ಇತ್ತು ನೋಡು” ಎಂದ. ಅವನ ಮುಖದಲ್ಲಿ ನಗು ತುಂಬಿತ್ತು.